ಅಪ್ಪನ ಕಾಲದ ಕಂಬದ ಡಿಪೋ ಜಾಗ: ಮಣ್ಣು ಹಸಿರಾಗಿದೆ, ಮಾರಬಹುದಾ?

ಡಿಪೋ_ಮನೆ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಕುಶಾಲನಗರದಿಂದ ಸೋಮವಾರಪೇಟೆ ಕಡೆ ಹೋಗುವಾಗ ನಮ್ಮದು 1 ಎಕರೆ 40 ಸೆಂಟ್ ಜಾಗ ಇದೆ. ಅಪ್ಪ ಅದನ್ನು ಒಬ್ಬ ಟಿಂಬರ್ ವ್ಯಾಪಾರಿಗೆ ಲೀಸಿಗೆ ಕೊಟ್ಟಿದ್ದರು. ಒಂದು ಕಡೆ ಸಾಮಿಲ್, ಇನ್ನೊಂದು ಕಡೆ ಗೆದ್ದಲು ಹಿಡಿಯದ ಹಾಗೆ ಕಂಬಗಳಿಗೆ ಮದ್ದು ಹಿಡಿಸುವ ಶೆಡ್. ಉದ್ದನೆ ಕಬ್ಬಿಣದ ಸಿಲಿಂಡರ್ ಒಳಗೆ ಕಂಬಗಳನ್ನು ಟ್ರಾಲಿಯಲ್ಲಿ ತಳ್ಳಿ, ಬಾಗಿಲು ಬಿಗಿದು, ಪಂಪ್ ಹಾಕುತ್ತಿದ್ದರು. ಹೊರಗೆ ಬರುವಾಗ ಕಂಬ ಹಸಿರು ಬಣ್ಣ, ತೊಟ್ಟಿಕ್ಕುತ್ತಾ ಬರುತ್ತಿತ್ತು. ಆ ಟ್ರಾಲಿ ಹಳಿ ಮೇಲೆ ನಾವು ಮಕ್ಕಳು ಆಡುತ್ತಿದ್ದೆವು. ಆಮೇಲೆ ಕೋರ್ಟ್ ಆರ್ಡರ್ ಬಂದು ಮರದ ವ್ಯಾಪಾರ ಮಲಗಿತು. ಸಿಲಿಂಡರ್ ಗುಜರಿಗೆ ಹೋಯಿತು, ವ್ಯಾಪಾರಿ ತೀರಿಕೊಂಡರು. ಅವರ ಮಕ್ಕಳು ಈಗ ಯಾವ ಊರಲ್ಲಿದ್ದಾರೋ ಗೊತ್ತಿಲ್ಲ.

ಈಗ ಬೆಂಗಳೂರಿನ ಪಾರ್ಟಿಯೊಬ್ಬರು ಕೇಳುತ್ತಿದ್ದಾರೆ. ಎಂಟು ಕಾಟೇಜ್, ಒಂದು ಈಜುಕೊಳ, ಮಕ್ಕಳಿಗೆ ಆಟದ ಜಾಗ. ಮುಂದಿನ ವಾರ ಅಡ್ವಾನ್ಸ್ ಕೊಡುತ್ತಾರಂತೆ. ಊರಿನವರಿಗೂ ಖುಷಿ. ಮಿಲ್ ಮುಚ್ಚಿದ ಮೇಲೆ ನಮ್ಮ ಕಡೆ ಹುಡುಗರಿಗೆ ಕೆಲಸ ಎಲ್ಲಿದೆ?

ಆದರೆ ಶೆಡ್ ಇದ್ದ ಕಡೆ ಇವತ್ತಿಗೂ ಹುಲ್ಲು ಸರಿಯಾಗಿ ಬರುವುದಿಲ್ಲ. ಮಣ್ಣು ಒಂಥರಾ ಹಸಿರು. ಕೆಳಗೆ ಚಿಕ್ಕಪ್ಪನ ಗದ್ದೆ, ಅದರ ಕೆಳಗೆ ನೀರಿನ ತೋಡು. ಇದನ್ನು ಕ್ಲೀನ್ ಮಾಡಿಸಬೇಕಾ? ಹೇಗೆ? ಎಷ್ಟಾಗುತ್ತೆ?

ಕಕ್ಕಡದ_ಮಳೆ · 9:52

ಅಣ್ಣ, ನಮ್ಮೂರಲ್ಲಿ ಮಳೆಗಾಲದಲ್ಲಿ ಹಸಿರಾಗದ್ದು ಯಾವುದಿದೆ? ನಮ್ಮ ಮಾವನ ಬೋಳು ತಲೆ ಒಂದೇ. ಅದು ಪಾಚಿ ಇರಬೇಕು ನೋಡಿ.

ಡಿಪೋ_ಮನೆ · 9:58

ಪಾಚಿ ಅಲ್ಲ ಅಕ್ಕ. ಫೆಬ್ರವರಿಯಲ್ಲೂ ಹಸಿರೇ. ಒದ್ದರೆ ಒಳಗೂ ಅದೇ ಬಣ್ಣ.

ಟಿಪ್ಪರ್_ಅಣ್ಣ · 10:05

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ ಎರಡು ಅಡಿ ಕೆಂಪು ಮಣ್ಣು ಹೊಡೆಸಿ ರೋಲರ್ ಓಡಿಸಿ. ರಿಜಿಸ್ಟ್ರೇಷನ್ ಮುಗಿಸಿ ಕೈ ತೊಳೆದುಕೊಳ್ಳಿ. ಅಷ್ಟೂ ಭಯ ಇದ್ದರೆ ಜೆಸಿಬಿ ತಂದು ಮಣ್ಣು ಕಿತ್ತು ಹಾಕೋಣ. ಹಾಳುಬಿದ್ದ ಕಲ್ಲುಕ್ವಾರಿ ಬೇಕಾದಷ್ಟಿವೆ.

ಲ್ಯಾಬ್_ಅಕ್ಕ · 10:31

ಟಿಪ್ಪರ್ ಅಣ್ಣ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಕ್ವಾರಿಯಲ್ಲಿ ನಿಂತ ನೀರು ಎಲ್ಲಿಗೆ ಹೋಗುತ್ತೆ? ಯಾರದೋ ಬೋರ್‌ವೆಲ್‌ಗೆ.

ಡಿಪೋ ಮನೆಯವರೇ, ನಾನು ಮಣ್ಣು ಮತ್ತು ನೀರಿನ ಪರೀಕ್ಷೆ ಕೆಲಸದಲ್ಲಿ ಇರುವವಳು. ನೀವು ಹೇಳಿದ ಲಕ್ಷಣ ನೋಡಿದರೆ ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಮದ್ದು ಇರಬೇಕು. ಆರ್ಸೆನಿಕ್ ಅಂದರೆ ಅಜ್ಜಿಯರು ಹೇಳುತ್ತಿದ್ದ ಪಾಷಾಣ. ಈ ಮದ್ದು ಕಂಡುಹಿಡಿದವರು ನಮ್ಮ ದೇಶದವರೇ. ಡೆಹ್ರಾಡೂನ್ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, 1933ರಲ್ಲಿ. ಆಮೇಲೆ ಪ್ರಪಂಚವೆಲ್ಲ ಬಳಸಿತು. ಗೆದ್ದಲಿಗೆ, ಶಿಲೀಂಧ್ರಕ್ಕೆ ಇದು ತುಂಬ ಚೆನ್ನಾಗಿ ಕೆಲಸ ಮಾಡಿತು ಅನ್ನುವುದೂ ನಿಜ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದರು.

ಇದರ ಗುಟ್ಟು ಕ್ರೋಮಿಯಂನಲ್ಲಿದೆ. ಅದು ತಾಮ್ರವನ್ನೂ ಆರ್ಸೆನಿಕ್ಕನ್ನೂ ಮರದ ನಾರಿಗೆ ಅಂಟಿಸುತ್ತೆ. ಆದರೆ ಸಿಲಿಂಡರಿನಿಂದ ಹೊರಗೆ ತೆಗೆದ ತಕ್ಷಣ ಅಂಟುವುದಿಲ್ಲ, ದಿನಗಟ್ಟಲೆ ಬೇಕು, ಕೆಲವೊಮ್ಮೆ ವಾರಗಳು. ಅಷ್ಟರಲ್ಲಿ ಕಂಬದಿಂದ ತೊಟ್ಟಿಕ್ಕಿದ್ದೆಲ್ಲ ನೆಲಕ್ಕೆ. ಅದರ ಮೇಲೆ ನಮ್ಮ ಮಳೆ. ಹಾಗಾಗಿ ಇಡೀ ಎಕರೆ ಕೆಟ್ಟಿರಲಿಕ್ಕಿಲ್ಲ. ಸಿಲಿಂಡರಿನ ಬಾಯಿ, ಕಂಬ ಒಣಗಲು ಜೋಡಿಸುತ್ತಿದ್ದ ಜಾಗ, ಕೆಸರು ಚೆಲ್ಲುತ್ತಿದ್ದ ಗುಂಡಿ, ಈ ಮೂರು ಕಡೆ ಜಾಸ್ತಿ ಇರುತ್ತೆ.

ಮೊದಲು ಪರೀಕ್ಷೆ. ಒಂದೊಂದು ಕಡೆಯೂ ಮೇಲ್ಮಣ್ಣು, ಒಂದಡಿ, ಎರಡಡಿ, ಮೂರಡಿ ಆಳದಿಂದ ಬೇರೆ ಬೇರೆ ಚೀಲ. ಜಾಗದ ಮೇಲ್ಭಾಗದಲ್ಲಿ, ಯಾರೂ ಏನೂ ಚೆಲ್ಲದ ಕಡೆಯಿಂದಲೂ ಒಂದು ಚೀಲ ತೆಗೆಯಿರಿ. ಒಳ್ಳೆ ಮಣ್ಣಲ್ಲೂ ಸ್ವಲ್ಪ ಆರ್ಸೆನಿಕ್ ಇರುತ್ತೆ, ಹೋಲಿಸಲು ಬೇಕು. ಬಾವಿ ನೀರು, ತೋಡಿನ ನೀರು ಕೂಡ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ರಿಪೋರ್ಟ್ ಬರುವ ತನಕ ಆ ಮಣ್ಣನ್ನು ಅಲ್ಲಾಡಿಸಬೇಡಿ.

ಕರಿಕೋಟು · 10:44

ಕೋರ್ಟ್ ಆರ್ಡರ್ ಅಂದಿರಲ್ಲ, ಅದು ಸುಪ್ರೀಂ ಕೋರ್ಟಿನ ಗೋದಾವರ್ಮನ್ ಕೇಸ್. 1996ರ ಡಿಸೆಂಬರ್ 12. ನೀಲಗಿರಿಯ ಗುಡಲೂರಿನ ಕಾಡು ಕಡಿಯುವ ವಿಷಯವಾಗಿ ಹೋದ ಕೇಸು ದೇಶದ ಸಾಮಿಲ್‌ಗಳನ್ನೆಲ್ಲ ತಟ್ಟಿತು. ನಮ್ಮ ಜಿಲ್ಲೆಯಲ್ಲಿ ಎಷ್ಟು ಡಿಪೋ ಖಾಲಿಯಾದವು ಅಂತ ಹಿರಿಯರಿಗೆ ಗೊತ್ತು.

ಹಳೇ_ಪ್ಲಾಂಟರ್ · ಶನಿವಾರ ಬೆಳಿಗ್ಗೆ 6:15

ಇದೆಲ್ಲ ಅತಿಯಾಯಿತು. ನಮ್ಮ ತಾತನ ಕಾಲದಿಂದ ಕಾಫಿಗೂ ಮೆಣಸಿಗೂ ಬೋರ್ಡೋ ದ್ರಾವಣ ಹೊಡೆಯುತ್ತಿದ್ದೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈ ಕೈ ಎಲ್ಲ ನೀಲಿ ಮಾಡಿಕೊಂಡು ಮನೆಗೆ ಬರುತ್ತಿದ್ದೆವು. ನನಗೆ ಈಗ 74. ಏನಾಗಿದೆ?

ಲ್ಯಾಬ್_ಅಕ್ಕ · 7:02

ಮಾವ, ಇನ್ನೂ ನೂರು ವರ್ಷ ಇರಿ. ಆದರೆ ಮೈಲುತುತ್ತ ತಾಮ್ರ. ತಾಮ್ರ ಬೇರೆ, ಪಾಷಾಣ ಬೇರೆ. ತಾಮ್ರ ಕೂಡ ಮಣ್ಣಲ್ಲಿ ಕೂತರೆ ಕರಗಿ ಹೋಗುವುದಿಲ್ಲ. ಬೋರ್ಡೋ ಅಂತ ಹೆಸರು ಬಂದ ಫ್ರಾನ್ಸಿನ ಆ ದ್ರಾಕ್ಷಿ ತೋಟಗಳಲ್ಲೇ ತಾಮ್ರ ಜಾಸ್ತಿಯಾಗಿ ಎರೆಹುಳಕ್ಕೆ ತೊಂದರೆ ಆಗಿದೆ. ನಿಮ್ಮ ಬೋರ್ಡೋ ತೊಟ್ಟಿ ಪಕ್ಕದ ಮಣ್ಣು ಒಮ್ಮೆ ಅಗೆದು ನೋಡಿ, ಎಷ್ಟು ಎರೆಹುಳ ಸಿಗುತ್ತೆ ಅಂತ.

ಹಳೇ_ಪ್ಲಾಂಟರ್ · 7:40

ಅಗೆದೆ. ಒಂದೂ ಸಿಗಲಿಲ್ಲ. ಆದರೆ ಮಳೆ ಇಲ್ಲ, ಅದಕ್ಕೇ ಇರಬಹುದು. ಒಪ್ಪಿಕೊಂಡೆ ಅಂತ ಬರೆಯಬೇಡ.

ಬೈಲುಗದ್ದೆ · 8:20

ನಮ್ಮಲ್ಲಿ ಆದದ್ದು ಹೇಳುತ್ತೇನೆ. ಹಳೇ ಡಿಪೋದಿಂದ ಹಸಿರು ಕಂಬ ಅಗ್ಗಕ್ಕೆ ಸಿಕ್ಕಿತು ಅಂತ ಅಪ್ಪ ಒಂದು ಲೋಡ್ ತಂದಿದ್ದರು. ಬೇಲಿಗೆ ಹಾಕಿ ಉಳಿದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕುತ್ತಿದ್ದೆವು. ಚೆನ್ನಾಗಿ ಉರಿಯುತ್ತಿತ್ತು. ಬೂದಿ ಅಡಿಕೆ ಗಿಡದ ಬುಡಕ್ಕೆ. ಒಂದು ದಿನ ಕೋಳಿಗಳು ಆ ಬೂದಿಯಲ್ಲಿ ಹೊರಳಾಡಿ, ಕೆದಕಿ ತಿಂದವು. ಸಂಜೆಗೆ ಏಳು ಕೋಳಿ ಸತ್ತವು. ಅಮ್ಮ ಕಣ್ಣು ಬಿದ್ದಿದೆ ಅಂತ ಮೆಣಸಿನಕಾಯಿ ನಿವಾಳಿಸಿದರು. ಆ ಮದ್ದಿನ ಕತೆ ಗೊತ್ತಾದದ್ದು ವರ್ಷಗಳಾದ ಮೇಲೆ.

ಲ್ಯಾಬ್_ಅಕ್ಕ · 8:33

ಇದನ್ನು ಎಲ್ಲರೂ ಓದಿ. ಮದ್ದು ಹಿಡಿದ ಕಂಬ ಯಾವತ್ತೂ ಸುಡಬಾರದು. ಮರ ಉರಿದು ಹೋಗುತ್ತೆ, ಪಾಷಾಣ ಬೂದಿಯಲ್ಲಿ ಗಟ್ಟಿಯಾಗಿ ಉಳಿಯುತ್ತೆ, ಸ್ವಲ್ಪ ಹೊಗೆಯಲ್ಲೂ ಹೋಗುತ್ತೆ.

ಕಕ್ಕಡದ_ಮಳೆ · 8:35

ಅಯ್ಯೋ, ನಮ್ಮ ಹಟ್ಟಿಯಲ್ಲಿ ಕಪ್ಪು ಕಂಬ ಇದೆ, ಟಾರ್ ವಾಸನೆ ಬರುತ್ತೆ. ಅದೂ ಇದೇನಾ?

ಕರಿಕೋಟು · 8:41

ಅದು ಕ್ರಿಯೋಸೋಟ್, ಹಿಂದೆ ರೈಲು ಹಳಿ ಕೆಳಗಿನ ಮರದ ಸ್ಲೀಪರಿಗೆ ಹಾಕುತ್ತಿದ್ದದ್ದು. ಬೇರೆ ಜಾತಿ. ಅದನ್ನೂ ಸುಡಬೇಡಿ.

ರೈಲು_ಯಾವಾಗ · 8:50

ಮೈಸೂರು–ಕುಶಾಲನಗರ ರೈಲು ಬಂದರೆ ಸ್ಲೀಪರ್ ಬೇಕಾದಷ್ಟು ಸಿಗುತ್ತೆ 😄 ಅಲ್ಲಿ ತನಕ ಜಾಗ ಮಾರಬೇಡಿ, ರೇಟ್ ಏರುತ್ತೆ.

ಹಳೇ_ಪ್ಲಾಂಟರ್ · 8:52

ಈ ರೈಲು ನಾನು ಚಡ್ಡಿ ಹಾಕುತ್ತಿದ್ದಾಗಿಂದ ಬರುತ್ತಾ ಇದೆ.

ಚಾಂಪಿಯನ್_ರೀಫ್ · 11:10

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್, ಈಗ ವಿರಾಜಪೇಟೆ. ನಿಮ್ಮ ಒಂದೂವರೆ ಎಕರೆ ಕತೆ ಓದಿ ನನ್ನೂರು ನೆನಪಾಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಚಿನ್ನ ತೆಗೆದು ಬಿಟ್ಟ ಪುಡಿಮಣ್ಣಿನ ಗುಡ್ಡಗಳು ಹಾಗೇ ಇವೆ. ಹದಿಮೂರು ಗುಡ್ಡ, 3 ಕೋಟಿ ಟನ್‌ಗೂ ಜಾಸ್ತಿ. ನಾವು ಸೈನೈಡ್ ದಿಬ್ಬ ಅನ್ನುತ್ತೇವೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಅಮ್ಮ ಓಡಿ ಬಂದು ಒಣಗಲು ಹಾಕಿದ ಬಟ್ಟೆ ತೆಗೆಯುತ್ತಿದ್ದರು. ಅನ್ನದಲ್ಲೂ ಹುಡಿ ಸಿಗುತ್ತಿತ್ತು, ಹಲ್ಲಿಗೆ ಕರಕರ.

ಊರಲ್ಲಿ ಕೆಲಸ ಇಲ್ಲದೆ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ಆ ಗುಡ್ಡಗಳಲ್ಲಿ ಉಳಿದ ಚಿನ್ನ ಮತ್ತೆ ತೆಗೆಯೋಣ ಅನ್ನುವ ಮಾತು ಆಗಾಗ ಬರುತ್ತೆ, ಪೇಪರಲ್ಲಿ ಫೋಟೋ ಬರುತ್ತೆ, ಆಮೇಲೆ ಸುದ್ದಿ ಇಲ್ಲ. ನೀವು ಮಾತ್ರ ಕಾಯಬೇಡಿ. ಜಾಗ ಸಣ್ಣದಿರುವಾಗಲೇ ಮುಗಿಸಿ.

ಕರಿಕೋಟು · 11:48

ಕೆಜಿಎಫ್ ಮಾತು ಬಂದದ್ದಕ್ಕೆ ಹೇಳುತ್ತೇನೆ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೇ ಅಂತ ಹೊಸ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನ ಇರುವ ಜಾಗಗಳ ವರದಿ ಕೊಡಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಪರೀಕ್ಷೆ ಮಾಡಿಸಬೇಕು. ಕೆಡಿಸಿದವರೇ ಖರ್ಚು ಕೊಡಬೇಕು. ಅವರು ಇಲ್ಲ, ಇದ್ದರೂ ಕೊಡಲಾಗದು ಅಂದರೆ ಸರ್ಕಾರಗಳು ಹಂಚಿಕೊಳ್ಳಬೇಕು. ಆಗ ಪೇಪರಿನಲ್ಲಿ ಬಂದ ಲೆಕ್ಕ, ದೇಶದಲ್ಲಿ ಗುರುತಿಸಿದ ಜಾಗ 103, ಶುದ್ಧ ಮಾಡಲು ಶುರುವಾದದ್ದು 7ರಲ್ಲಿ.

ತಮಾಷೆ ಏನು ಗೊತ್ತಾ? ಗಣಿಗಾರಿಕೆಯಿಂದ ಕೆಟ್ಟ ಜಾಗ ಈ ನಿಯಮದ ಹೊರಗೆ. ಊರಿನ ಕಸ ಸುರಿದ ಗುಡ್ಡಗಳೂ ಹೊರಗೆ. ಡಿಪೋ ಮನೆಯವರ ಶೆಡ್ ಒಳಗೆ ಬರಬಹುದು.

ಡಿಪೋ_ಮನೆ · 12:05

ಅಂದರೆ ನಾನೇ ಹೋಗಿ ಹೇಳಿದರೆ, ನಮ್ಮ ಜಾಗ ಸರ್ಕಾರದ ಪಟ್ಟಿಗೆ ಸೇರುತ್ತೆ. ಆಮೇಲೆ ಯಾರು ಕೊಳ್ಳುತ್ತಾರೆ ಸಾರ್? ತಂಗಿ ಮದುವೆಗೆ ಈ ದುಡ್ಡನ್ನೇ ನಂಬಿಕೊಂಡಿದ್ದೇವೆ.

ಟಿಪ್ಪರ್_ಅಣ್ಣ · 12:09

ಅದಕ್ಕೇ ನಾನು ಹೇಳಿದ್ದು. ಎಲ್ಲರೂ ನನಗೆ ಬೈದಿರಿ.

ಕರಿಕೋಟು · 12:20

ಟಿಪ್ಪರ್ ಅಣ್ಣ, ಮುಚ್ಚಿಟ್ಟು ಮಾರಿದರೆ ನಾಳೆ ಈಜುಕೊಳಕ್ಕೆ ಗುಂಡಿ ತೋಡುವಾಗ ಹಸಿರು ಮಣ್ಣು ಎದ್ದು ಬರುತ್ತೆ. ಆಗ ಕೇಸು ಹಾಕುವುದು ನಿಮ್ಮ ಮೇಲಲ್ಲ, ಇವರ ಮೇಲೆ. ಗೊತ್ತಿದ್ದೂ ಹೇಳಲಿಲ್ಲ ಅನ್ನುವುದು ಸಣ್ಣ ಮಾತಲ್ಲ. ಈ ಚರ್ಚೆಯೇ ಸಾಕ್ಷಿ ಆಗುತ್ತೆ!

ಡಾರ್ಟ್ಮುಂಡ್_ಹುಡುಗ · 3:30

ನಾನು ಸುಂಟಿಕೊಪ್ಪದವನು, ಜರ್ಮನಿಯ ಡಾರ್ಟ್ಮುಂಡ್‌ನಲ್ಲಿದ್ದೇನೆ. ಇಲ್ಲಿ ಒಂದು ದೊಡ್ಡ ಉಕ್ಕಿನ ಕಾರ್ಖಾನೆ 2001ರಲ್ಲಿ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಚೀನಾಕ್ಕೆ ಸಾಗಿಸಿದರು. ಆ ಜಾಗ ಅಗೆದು, 2010ರ ಅಕ್ಟೋಬರ್ 1ರಂದು ನೀರು ಬಿಟ್ಟರು. ಈಗ ಫೀನಿಕ್ಸ್ ಕೆರೆ, 24 ಹೆಕ್ಟೇರ್. ಭಾನುವಾರ ನಾನೂ ಅಲ್ಲಿ ನಡೆಯುತ್ತೇನೆ. ಚಂದ ಇದೆ. ಆದರೆ ದಡದ ಮನೆಗಳು ಆ ಕಾರ್ಖಾನೆಯಲ್ಲಿ ದುಡಿದವರ ಕೈಗೆ ಎಟುಕುವ ರೇಟಿನದಲ್ಲ.

ಪಕ್ಕದ ಡ್ಯೂಸ್‌ಬರ್ಗ್‌ನಲ್ಲಿ ಬೇರೆ ದಾರಿ ಹಿಡಿದರು. 1985ರಲ್ಲಿ ನಿಂತ ಕುಲುಮೆಗಳನ್ನು ಕೆಡವದೆ ಪಾರ್ಕ್ ಮಾಡಿದರು. ಹಳೇ ಗ್ಯಾಸ್ ಟ್ಯಾಂಕಿಗೆ ನೀರು ತುಂಬಿಸಿ ಡೈವಿಂಗ್ ಕಲಿಸುತ್ತಾರೆ. ತೀರಾ ಕೆಟ್ಟ ಮಣ್ಣನ್ನು ಅಲ್ಲಿನ ಹಳೇ ಬಂಕರ್‌ಗಳಲ್ಲೇ ಹಾಕಿ ಸೀಲ್ ಮಾಡಿದರು, ಎಲ್ಲಿಗೂ ಸಾಗಿಸಲಿಲ್ಲ.

ಹಳೇ_ಪ್ಲಾಂಟರ್ · 3:44

ಜರ್ಮನಿ ದುಡ್ಡು ಜರ್ಮನಿಯಲ್ಲೇ ಇರಲಿ. ಇಲ್ಲಿ ಕೆರೆ ತೋಡಬೇಕಾಗಿಲ್ಲ. 2018ರಲ್ಲೂ 2019ರಲ್ಲೂ ಕಾವೇರಿ ತಾನೇ ಕುಶಾಲನಗರದ ಲೇಔಟ್‌ಗಳಿಗೆ ಬಂದು ಕೆರೆ ಮಾಡಿ ಹೋದಳು.

ಡಾರ್ಟ್ಮುಂಡ್_ಹುಡುಗ · 3:50

ದುಡ್ಡಿನ ಮಾತು ನಿಜ ಮಾವ. ಇಲ್ಲಿನ ಎಮ್ಷರ್ ನದಿಯನ್ನು ಚರಂಡಿಯಿಂದ ವಾಪಸ್ ನದಿ ಮಾಡಲು ಸುಮಾರು ಮೂವತ್ತು ವರ್ಷ ಹಿಡಿಯಿತು, 500 ಕೋಟಿ ಯೂರೋ ದಾಟಿತು.

ಕಕ್ಕಡದ_ಮಳೆ · 4:15

ಆರ್ಸೆನಿಕ್ ಹೀರುವ ಜರಿಗಿಡ ಇದೆ ಅಂತ ಎಲ್ಲೋ ಓದಿದ್ದೆ. ನಮ್ಮಲ್ಲಿ ಜರಿಗಿಡಕ್ಕೆ ಬರವಾ? ತೆರ್ಮೆ ನೆಟ್ಟುಬಿಡಿ ಅಣ್ಣ, ಜಾಗವೂ ಕ್ಲೀನ್, ಪಲ್ಯವೂ ಆಯಿತು!

ಲ್ಯಾಬ್_ಅಕ್ಕ · 4:40

ಅಕ್ಕ, ಪಲ್ಯ ಮಾತ್ರ ಬೇಡವೇ ಬೇಡ! ಗಿಡದ ವಿಷಯ ನಿಜ, ಆದರೆ ಅದು ತೆರ್ಮೆ ಅಲ್ಲ. ಟೆರಿಸ್ ವಿಟ್ಟಾಟ ಅಂತ, ಹಳೇ ಗಾರೆ ಗೋಡೆಗಳ ಬಿರುಕಲ್ಲಿ ಬೆಳೆಯುವ ಉದ್ದ ಎಲೆಯ ಜರಿ. ಇದರ ಗುಣ ಗೊತ್ತಾದದ್ದು ಅಮೆರಿಕದ ಫ್ಲಾರಿಡಾದಲ್ಲಿ, ಅದೂ ಇದೇ ಥರ ಮರಕ್ಕೆ ಮದ್ದು ಹಿಡಿಸುತ್ತಿದ್ದ ಹಳೇ ಜಾಗದಲ್ಲಿ. 2001ರಲ್ಲಿ ಪ್ರಕಟವಾಯಿತು. ಒಣಗಿದ ಎಲೆಯ ತೂಕದಲ್ಲಿ ಶೇಕಡ 2ರಷ್ಟು ಆರ್ಸೆನಿಕ್ ಹಿಡಿದಿಟ್ಟುಕೊಳ್ಳಬಲ್ಲದು.

ಆದರೆ ನಾಲ್ಕು ತೊಂದರೆ. ಬೇರು ಹೋದಷ್ಟೇ ಆಳ. ಸೀಸನ್ ಸೀಸನ್ ಕೊಯ್ಯುತ್ತಾ ವರ್ಷಾನುಗಟ್ಟಲೆ ಕಾಯಬೇಕು. ಕೊಯ್ದ ಎಲೆಯನ್ನೇ ವಿಷದ ಕಸ ಅಂತ ಸಾಗಿಸಬೇಕು, ದನ ತಿನ್ನದ ಹಾಗೆ ನೋಡಿಕೊಳ್ಳಬೇಕು. ಕ್ರೋಮಿಯಂ, ತಾಮ್ರ ಇದ್ದಲ್ಲೇ ಇರುತ್ತವೆ. ಅಂಚಿನ ಕಡೆ, ಕಡಿಮೆ ಕೆಟ್ಟ ಮಣ್ಣಿಗೆ ಪರವಾಗಿಲ್ಲ. ಸಿಲಿಂಡರ್ ಬಾಯಿಗೆ ಸಾಲದು.

ಬೈಲುಗದ್ದೆ · 5:05

ಕೆಳಗಿನ ಗದ್ದೆ ಬಗ್ಗೆ ಯಾರೂ ಹೇಳಲಿಲ್ಲ. ಭತ್ತಕ್ಕೆ ಏನಾಗುತ್ತೆ?

ಲ್ಯಾಬ್_ಅಕ್ಕ · 5:32

ಒಳ್ಳೆ ಪ್ರಶ್ನೆ ಅಣ್ಣ, ನನಗೆ ನಿಜವಾಗಿ ಹೆದರಿಕೆ ಇರುವುದು ಅಲ್ಲೇ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣ ಜಾಸ್ತಿ. ಒಣ ಜಾಗದಲ್ಲಿ ಆ ಕಬ್ಬಿಣ ಪಾಷಾಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಅದು ನಮ್ಮ ಪುಣ್ಯ. ಆದರೆ ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿ ತಪ್ಪಿದರೆ ಅದೇ ಕಬ್ಬಿಣ ಕರಗಿ, ಹಿಡಿದಿದ್ದನ್ನು ಬಿಟ್ಟುಬಿಡುತ್ತೆ. ಭತ್ತ ಅದನ್ನು ಬೇರೆ ಧಾನ್ಯಗಳಿಗಿಂತ ಜಾಸ್ತಿ ಎಳೆದುಕೊಳ್ಳುತ್ತೆ. ಚಿಕ್ಕಪ್ಪನ ಗದ್ದೆಯ ಮಣ್ಣು, ಅಕ್ಕಿ ಎರಡೂ ಪರೀಕ್ಷೆಗೆ ಕೊಡಿ. ಇನ್ನೊಂದು ಮಾತು, ಆ ಶೆಡ್ ಜಾಗಕ್ಕೆ ರಂಜಕದ ಗೊಬ್ಬರ ಹಾಕಬೇಡಿ. ರಂಜಕ ಹೋಗಿ ಪಾಷಾಣದ ಜಾಗದಲ್ಲಿ ಕೂರುತ್ತೆ, ಪಾಷಾಣ ನೀರಿಗೆ ಇಳಿಯುತ್ತೆ.

ಡಿಪೋ_ಮನೆ · 6:10

ಓದುತ್ತಾ ಕೈಕಾಲು ತಣ್ಣಗಾಯಿತು. ಅಮ್ಮ ಪ್ರತಿ ವರ್ಷ ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸಕ್ಕೆ ಮದ್ದು ಸೊಪ್ಪು ಕೊಯ್ಯುವುದು ಆ ಶೆಡ್ಡಿನ ಹಿಂದಿನ ಬೇಲಿಯಿಂದ. ಪಾಯಸ ನಾವೆಲ್ಲ ತಿಂದಿದ್ದೇವೆ.

ಒಟ್ಟು ಖರ್ಚು ಎಷ್ಟಾಗಬಹುದು, ಅಂದಾಜಾದರೂ ಹೇಳಿ.

ಲ್ಯಾಬ್_ಅಕ್ಕ · 6:48

ವರ್ಷಕ್ಕೊಂದು ದಿನದ ಪಾಯಸಕ್ಕೆ ಈಗ ಗಾಬರಿ ಬೇಡ. ಇನ್ನು ಮೇಲೆ ಬೇರೆ ಕಡೆಯಿಂದ ಕೊಯ್ಯಲಿ. ಚಿಂತೆ ಇದ್ದರೆ ಡಾಕ್ಟರ್ ಹತ್ತಿರ ಈ ಜಾಗದ ಕತೆ ಹೇಳಿ ಕೇಳಿ.

ದುಡ್ಡು ರಿಪೋರ್ಟ್ ಇಲ್ಲದೆ ಹೇಳಿದರೆ ಸುಳ್ಳಾಗುತ್ತೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಕೆಟ್ಟದ್ದು ಹತ್ತು ಸೆಂಟ್, ಒಂದು ಮೀಟರ್ ಆಳ ಅಂತ ಇಟ್ಟುಕೊಳ್ಳಿ. 400 ಘನ ಮೀಟರ್ ಆಯಿತು, 600 ಟನ್‌ಗೆ ಕಡಿಮೆ ಇಲ್ಲ. ಅದನ್ನು ಕಿತ್ತರೆ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಹೋಗಬೇಕು, ಟನ್ ಲೆಕ್ಕದಲ್ಲಿ ಚಾರ್ಜು, ಮೇಲೆ ಲಾರಿ ಬಾಡಿಗೆ. ಆಳ ಅರ್ಧವಾದರೆ ಖರ್ಚೂ ಸುಮಾರು ಅರ್ಧ. ಪರೀಕ್ಷೆಗೆ ಕೊಡುವ ದುಡ್ಡು ಇಲ್ಲಿ ವಾಪಸ್ ಬರುತ್ತೆ.

ಇನ್ನೊಂದು ದಾರಿ, ಕೀಳದೆ ಅಲ್ಲೇ ಸಿಮೆಂಟ್ ಬೆರೆಸಿ ಗಟ್ಟಿ ಮಾಡಿ, ಮೇಲೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟ್. ಸುತ್ತ ಕಣಿ ತೆಗೆದು ಮಳೆನೀರು ಒಳಗೆ ಹೋಗದ ಹಾಗೆ ಮಾಡುವುದು. ಇದಕ್ಕೂ ಟಿಪ್ಪರ್ ಅಣ್ಣನ ಎರಡಡಿ ಮಣ್ಣಿಗೂ ವ್ಯತ್ಯಾಸ ಇದೆ. ಅಲ್ಲಿ ಬೋರ್ ಕೊರೆಯಬಾರದು, ಕೊಳ ತೋಡಬಾರದು, ಮಕ್ಕಳ ಆಟದ ಜಾಗ ಬೇಡ. ಪತ್ರದಲ್ಲೂ ಅದು ಬರೆದಿರಬೇಕು.

ರೈಲು_ಯಾವಾಗ · 7:05

ಹಾಗಾದರೆ ಲಾರಿ ಪಾರ್ಕಿಂಗ್ ಮಾಡಿ! ಮಡಿಕೇರಿ ರೋಡಿನ ಪಕ್ಕ ಲಾರಿ ನಿಲ್ಲಿಸಿ ಟ್ರಾಫಿಕ್ ಜಾಮ್, ಯಾರಿಗೂ ಜಾಗ ಇಲ್ಲ.

ಹಳೇ_ಪ್ಲಾಂಟರ್ · 7:12

ಕಾಫಿ ಗೋಡೌನ್ ಮಾಡಲಿ. ಕೂಡ್ಲೂರಿನ ಕಡೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ.

ಬೈಲುಗದ್ದೆ · 7:15

ಮಾವ, ಆ ನೆಲದ ಮೇಲೆ ನಿಮ್ಮ ಕಾಫಿ ಇಡುತ್ತೀರಾ?

ಹಳೇ_ಪ್ಲಾಂಟರ್ · 7:21

ನನ್ನದು ಇಡುವುದಿಲ್ಲ. ಸರಿ, ಲಾರಿಯೇ ಇರಲಿ.

ಟಿಪ್ಪರ್_ಅಣ್ಣ · 7:30

ಲಾರಿ ಪಾರ್ಕಿಂಗ್ ಆದರೆ ತಿಂಗಳ ಬಾಡಿಗೆಗೆ ನಾನೇ ಎರಡು ಗಾಡಿ ನಿಲ್ಲಿಸುತ್ತೇನೆ. ತಮಾಷೆ ಅಲ್ಲ. ನೀವೆಲ್ಲ ಬೈದದ್ದಕ್ಕೆ ಬೇಸರ ಇಲ್ಲ. ನನ್ನ ಮಗಳೂ ಅಲ್ಲೇ ಕೆಳಗಿನ ತೋಡಿಗೆ ಏಡಿ ಹಿಡಿಯಲು ಹೋಗುತ್ತಾಳೆ, ಅದು ಆಮೇಲೆ ಹೊಳೆಯಿತು.

ಡಿಪೋ_ಮನೆ · ಮುಂದಿನ ಗುರುವಾರ ರಾತ್ರಿ 8:55

ಎಲ್ಲಿವರೆಗೆ ಬಂತು ಅಂತ ಹೇಳುತ್ತೇನೆ.

ಭಾನುವಾರ ಆ ಶೆಡ್ಡಿನಲ್ಲಿ ಕೆಲಸ ಮಾಡಿದ್ದ ಒಬ್ಬ ಅಜ್ಜನನ್ನು ತೋಟದ ಕೆಲಸದವರ ಲೈನ್ ಮನೆಯಿಂದ ಕರೆದುಕೊಂಡು ಬಂದೆ. ಕಣ್ಣು ಮಂಜು, ಕೋಲು ಹಿಡಿದು ನಡೆಯುತ್ತಾರೆ. ನಾನು ಕೆಸರಿನ ಗುಂಡಿ ಶೆಡ್ಡಿನ ಎದುರು ಅಂತ ಅಂದುಕೊಂಡಿದ್ದೆ. ಅವರು ಸೀದಾ ಹಿಂದೆ ಹೋಗಿ, ಹಲಸಿನ ಮರದ ಬುಡಕ್ಕೆ ನಾಲ್ಕು ಹೆಜ್ಜೆ ಈಚೆ ಕೋಲು ಊರಿದರು. "ಇಲ್ಲಿ, ಸಿಲಿಂಡರ್ ತೊಳೆದ ನೀರು ಇಲ್ಲಿಗೆ ಬಿಡುತ್ತಿದ್ದೆವು. ಮೇಲೆ ಮರದ ಹುಡಿ ಹಾಕಿ ಮುಚ್ಚುತ್ತಿದ್ದೆವು" ಅಂದರು. ಗುದ್ದಲಿಯಲ್ಲಿ ಒಂದಡಿ ತೆಗೆದರೆ ಮರದ ಹುಡಿ ಇನ್ನೂ ಕೊಳೆತಿಲ್ಲ! ಗರಗಸದಿಂದ ಈಗ ಬಿದ್ದ ಹಾಗಿದೆ, ಬಣ್ಣ ಮಾತ್ರ ಹಸಿರು. ಅಲ್ಲಿಗೇ ನಿಲ್ಲಿಸಿ ಮುಚ್ಚಿದೆ. ಗ್ಲೌಸ್ ಹಾಕಿದ್ದೆ, ಲ್ಯಾಬ್ ಅಕ್ಕ ಬೈಯಬೇಡಿ.

ಅಜ್ಜನ ಅಂಗೈ ನೋಡಿದೆ. ತುಂಬ ಗಟ್ಟಿ ಗಟ್ಟಿ ಕಾಳುಗಳು. ಕೆಲಸ ಮಾಡಿ ಆದದ್ದು ಅಂದರು.

ಲ್ಯಾಬ್_ಅಕ್ಕ · 9:03

ಅದು ಬರೀ ಕೆಲಸದ್ದು ಇರಲಿಕ್ಕಿಲ್ಲ. ಆರ್ಸೆನಿಕ್ ವರ್ಷಗಟ್ಟಲೆ ಮೈಗೆ ಸೇರಿದರೂ ಅಂಗೈ ಅಂಗಾಲಲ್ಲಿ ಹಾಗೆ ಆಗುತ್ತೆ. ಅವರನ್ನು ಚರ್ಮದ ಡಾಕ್ಟರಿಗೆ ತೋರಿಸಿ, ಈ ವಾರವೇ. ಮಣ್ಣಿಗಿಂತ ಮೊದಲು ಅವರು.

ಡಿಪೋ_ಮನೆ · 9:10

ಶನಿವಾರ ಕರೆದುಕೊಂಡು ಹೋಗುತ್ತೇನೆ ಅಕ್ಕ. ಮಾತಾಡಿ ಆಗಿದೆ. ಅವರ ಮಗ ಒಪ್ಪಿದ್ದಾನೆ, ಅಜ್ಜ ಇನ್ನೂ ಇಲ್ಲ.

ಬೆಂಗಳೂರಿನ ಪಾರ್ಟಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ರಿಪೋರ್ಟ್ ಬಂದ ಮೇಲೆ ಮೇಲ್ಭಾಗದ ಒಂದು ಎಕರೆ ಮಾತ್ರ ನೋಡೋಣ ಅಂದರು. ರೇಟ್ ಖಂಡಿತ ಇಳಿಸುತ್ತಾರೆ. ತಂಗಿಗೆ ಹೇಳಿದರೆ "ಮದುವೆ ಛತ್ರ ಸಣ್ಣದು ಮಾಡಿ" ಅಂದಳು.

ಹದಿನಾಲ್ಕು ಚೀಲ ಮಣ್ಣು, ನಾಲ್ಕು ಬಾಟಲಿ ನೀರು, ಚಿಕ್ಕಪ್ಪನ ಕಣಜದ ಒಂದು ಸೇರು ಅಕ್ಕಿ ನಾಳೆ ಬೆಳಿಗ್ಗೆ ಬಸ್ಸಿಗೆ. ಚಿಕ್ಕಪ್ಪ ಅಕ್ಕಿ ಕೊಡುವಾಗ ಮುಖ ಕೊಟ್ಟು ಮಾತಾಡಲಿಲ್ಲ.

ಕಕ್ಕಡದ_ಮಳೆ · 9:14

ಅಮ್ಮನಿಗೆ ಮದ್ದು ಸೊಪ್ಪು ನಮ್ಮ ಮನೆ ಹಿಂದಿದೆ ಅಂತ ಹೇಳಿ. ಈ ಸಲ ನಾನೇ ತಂದುಕೊಡುತ್ತೇನೆ.

ಟಿಪ್ಪರ್_ಅಣ್ಣ · 9:20

ಯಾವ ಬಸ್ಸು? ನಾಳೆ ನಾನು ಮೈಸೂರಿಗೆ ಹೋಗುವವನಿದ್ದೇನೆ. ಆರೂವರೆಗೆ ಗೇಟ್ ಹತ್ತಿರ ಚೀಲ ಇಟ್ಟಿರಿ, ಕ್ಯಾಬಿನ್ ಒಳಗೆ ಇಟ್ಟುಕೊಳ್ಳುತ್ತೇನೆ. ಹಿಂದೆ ಹಾಕುವುದಿಲ್ಲ.